ಒಡೆಯುವ ಗಾಡಿಗೆ ಪೂಜೆ

ಗುರಣ್ಣನಷ್ಟು ಅಂಜುಬುರುಕ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಇದೇನು ಬೆನ್ನ ಹಿಂದಿನ ಮಾತಲ್ಲ, ಅವನೆದುರಿಗೇ ಹೇಳಬಹುದಿತ್ತು. ಹೇಳಿದರೆ ಹೌದೆಂದು ತಲೆಯಾಡಿಸುತ್ತಿದ್ದ. ಮೋಟಾರು ಗಾಡಿಯ ಮಾಲೀಕನಾಗಿ ಹತ್ತು ವರ್ಷದ ಮೇಲಾಗಿತ್ತು, ಆದರೆ ಒಂದು ದಿನವೂ ಅದನ್ನು ನಡೆಸಿದವನಲ್ಲ. ಶಹಾಪುರದಿಂದ ಸುರಪುರಕ್ಕೆ, ಅಲ್ಲಿಂದ ಮರಳಿ ಹೊಳೆಯ ದಂಡೆಗೆ ಮಂದಿಯನ್ನು ಹೇರಿಕೊಂಡು ಓಡುವಾಗ ತಾನು ಹಿಂದಿನ ಸೀಟಿನ ಮೂಲೆ ಹಿಡಿದು ಕೂತು “ಸಾವಕಾಶ, ಕರೀಮಾ, ಸಾವಕಾಶ” ಎನ್ನುವುದಷ್ಟೇ ಅವನ ದಂಧೆ. ನಡೆಸುವವನು, ಕೆಟ್ಟರೆ ಬಿಚ್ಚಿ ಕೂಡಿಸುವವನು ಅಬ್ದುಲ್ ಕರೀಮ.

ಆ ಕರೀಮ ಈಗ ಗುರಣ್ಣನ ಹಿತ್ತಲ ಹಗೇವಿನಲ್ಲಿ ಅಡಗಿದ್ದ. ಜೋಳ ತುಂಬುವ ನೆಲದೊಳಗಿನ ಕುಣಿಯಲ್ಲಿ ಜೀವಂತ ಮನುಷ್ಯನನ್ನು ಇಟ್ಟುಕೊಂಡು, ಮೇಲೆ ಚಪ್ಪಡಿ ಎಳೆದು, ಗಾಳಿಯಾಡಲು ಒಂದು ಗೇಣು ಸಂದು ಬಿಟ್ಟು, ಗುರಣ್ಣ ದಿನಾ ಸಾಯುತ್ತಿದ್ದ. ಬೆಕ್ಕು ಹಾರಿದರೆ ಎದೆ ಧಸಕ್ಕೆನ್ನುತ್ತಿತ್ತು. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಿಜಾಮರ ಆಳಿಕೆ ಮುಗಿದು ಇನ್ನೂ ತಿಂಗಳು ತುಂಬಿರಲಿಲ್ಲ. ಹಿಂದೂಸ್ತಾನದ ಮಿಲಿಟರಿ ಬಂದು ಯಾದಗಿರಿಯಲ್ಲಿ ಡೇರೆ ಹಾಕಿತ್ತು. ಅದಕ್ಕೂ ಮುಂಚೆ, ರಜಾಕಾರರ ಹಾವಳಿಯ ದಿನಗಳಲ್ಲಿ, ಬಂದೂಕು ಹಿಡಿದ ಒಂದು ಗುಂಪು ಗುರಣ್ಣನ ಬಾಗಿಲಿಗೆ ಬಂದು ಗಾಡಿ ಬೇಕೆಂದಿತ್ತು. ಬೇಡ ಅನ್ನಲು ಗುರಣ್ಣನಿಗೆ ಬಾಯೆಲ್ಲಿಯದು? ಕರೀಮನ ಕುತ್ತಿಗೆಗೆ ನಳಿಗೆ ಹಚ್ಚಿ ಮುಂದೆ ಕೂರಿಸಿಕೊಂಡು ಹೋದರು. ಹೋದದ್ದು ಇದೇ ಊರಿನ ರಂಗಣ್ಣನ ಅಕ್ಕನ ಹಳ್ಳಿಗೆ. ಬಣವೆ ಸುಟ್ಟರು, ಮನೆ ಸುಟ್ಟರು. ರಂಗಣ್ಣನ ಭಾವ ತನ್ನ ಅಂಗಳದಲ್ಲೇ ಗುಂಡು ತಿಂದು ಸತ್ತ. ಹಳ್ಳಿಗೆ ಹಳ್ಳಿಯೇ ಆ ಗಾಡಿ ನೋಡಿತ್ತು, ನಡೆಸಿದವನನ್ನೂ ನೋಡಿತ್ತು.

ಎರಡನೇ ಸಲ ಒಯ್ದಾಗ ಗಾಡಿ ನಡುದಾರಿಯಲ್ಲಿ ಕಟಕಟ ಕುಟ್ಟಿ ನಿಂತುಬಿಟ್ಟಿತು. ಹೊರಡುವ ಮುಂಚೆ ಕರೀಮ ಯಾರಿಗೂ ತಿಳಿಯದಂತೆ ಇಂಜಿನ್ನಿನ ಎಣ್ಣೆಯನ್ನೆಲ್ಲ ನೆಲಕ್ಕೆ ಬಿಟ್ಟಿದ್ದ. ಎಣ್ಣೆಯಿಲ್ಲದೆ ಓಡಿ ಒಳಗಿನ ಬೇರಿಂಗಿನ ಸೀಸ ಕರಗಿಹೋಗಿತ್ತು. ಸಿಟ್ಟಿಗೆದ್ದ ಗುಂಪು ಬಂದೂಕಿನ ಹಿಡಿಯಿಂದ ಅವನ ಎಡಗಾಲು ಮುರಿದು, ಗಾಡಿ ಅಲ್ಲೇ ಬಿಟ್ಟು ಹೋಯಿತು. ಎತ್ತು ಕಟ್ಟಿ ಗಾಡಿಯನ್ನು ಎಳೆದು ತಂದು ಗುರಣ್ಣನ ಕೊಟ್ಟಿಗೆಗೆ ಹಾಕಿದರು. ಎಣ್ಣೆಯ ಸಂಗತಿ ಗುರಣ್ಣನಿಗೆ ಗೊತ್ತು, ಅವನ ಹೆಂಡತಿ ಮೌನಮ್ಮನಿಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ.

ಕಾಲ ತಿರುಗಿತು. ಬಂದೂಕಿನವರು ಎತ್ತಲೋ ಓಡಿಹೋದರು, ಈಗ ಹಳ್ಳಿಗಳಲ್ಲಿ ಕೊಡಲಿ ಹಿಡಿದವರು ತಿರುಗುತ್ತಿದ್ದರು. ತಪ್ಪು ಮಾಡಿದವರು ಸಿಗದಿದ್ದರೆ ಸಿಕ್ಕವರೇ ತಪ್ಪು ಮಾಡಿದವರು. ಕರೀಮನ ಹೆಂಡತಿ ಶರೀಫಾಬೀ ಮಕ್ಕಳನ್ನು ಕಟ್ಟಿಕೊಂಡು ಮೊದಲೇ ಯಾದಗಿರಿ ಸೇರಿದ್ದಳು. ಅಲ್ಲಿ ಮಿಲಿಟರಿಯ ಕಾವಲಿತ್ತು. ಕರೀಮನಿಗೆ ನಡೆಯಲು ಕಾಲಿಲ್ಲ. ಬಂಡಿಯಲ್ಲಿ ಕಳಿಸಿದರೆ ದಾರಿಯುದ್ದಕ್ಕೂ ನಿಲ್ಲಿಸಿ ಮೇವು ಸರಿಸಿ ನೋಡುತ್ತಿದ್ದರು. ಮೋಟಾರನ್ನು ಮಾತ್ರ ಯಾರೂ ತಡೆಯುತ್ತಿರಲಿಲ್ಲ, ಮಿಲಿಟರಿಯವರೆಂದು ದಾರಿ ಬಿಡುತ್ತಿದ್ದರು. ಏಳು ಮೈಲಿ ಓಡಿ ಹೊಳೆ ಮುಟ್ಟಿದರೆ ಸಾಕು, ಮೌನಮ್ಮನ ತಮ್ಮ ಅಂಬಣ್ಣನ ಹರಗೋಲು ಯಾದಗಿರಿಯ ಕಡೆಯ ದಂಡೆಗೆ ದಾಟಿಸುತ್ತಿತ್ತು. ಗಾಡಿ ರಿಪೇರಿಯಾದರೆ ಕರೀಮ ಉಳಿಯುತ್ತಾನೆ. ಗಾಡಿ ಒಡೆದು ಮಾರಿದರೆ ಗುರಣ್ಣ ಉಳಿಯುತ್ತಾನೆ. ಅವನ ಮುಂದಿದ್ದ ಸಂಕಟ ಇಷ್ಟೇ.

ಸುರಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ವೆಂಕಪ್ಪ ಸಾಹುಕಾರ ಒಂದು ದಿನ ಬಂದು ಕೊಟ್ಟಿಗೆಯಲ್ಲಿ ಇಣುಕಿದ.

“ಈ ಪೀಡಾ ಇನ್ನ ಎಷ್ಟ ದಿನ ಮನ್ಯಾಗ ಇಟ್ಕೋತಿ ಗುರಣ್ಣಾ? ಮಂದಿ ಇದರ ಮಾರಿ ನೋಡಿದ್ರ ಉಗಳ್ತಾರ. ಒಡದು ಹಾಕು. ಇಂಜಿನ್ ನನ್ನ ಗಿರಣಿಗೆ ಕೊಡು, ನಾಳಿನೇ ಮಂದಿ ಕಳಿಸಿ ಬಿಚ್ಚಿಸ್ಕೋತೀನಿ.”

ಗುರಣ್ಣನಿಗೆ ಅವನ ಕಾಲು ಹಿಡಿಯಬೇಕೆನಿಸಿತು. ಒಯ್ರಿ ನನ್ನಪ್ಪಾ, ಈಗಲೇ ಒಯ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೌನಮ್ಮ ಬಾಗಿಲ ಮರೆಯಿಂದಲೇ ಅಂದಳು: “ಕೊಡೂದು ನಿಮಗೇ ಕೊಡ್ತೇವ್ರಿ ಸಾವ್ಕಾರ್ರ. ಮೊದಲ ಮ್ಯಾಲಿನ ಸಾಮಾನ ಇಳೀಲಿ. ಬನ್ನಿ ಹಬ್ಬ ಮುಗಿದ ಮ್ಯಾಲೆ ಬಂದು ಇಂಜಿನ್ ಒಯ್ರಿ.”

ಸಾಹುಕಾರ ಹೋದ ಕೂಡಲೇ ಗುರಣ್ಣ ಹೆಂಡತಿಯ ಮೇಲೆ ಹರಿಹಾಯ್ದ. “ನಿನಗ ತಲಿ ನೆಟ್ಟಗದ ಏನ? ಹೋಗೋ ಮಾರಿಯನ್ನ ಸೆರಗ ಹಿಡದು ನಿಂದ್ರಿಸ್ತಿಯಲ್ಲ!”

“ಇಂಜಿನ್ ಕೊಟ್ಟು ಕರೀಮನ್ನ ಏನು ಹೆಗಲ ಮ್ಯಾಲೆ ಹೊತ್ಕೊಂಡು ಹೋಗ್ತೀರೇನ್ರಿ?” ಎಂದಳು ಮೌನಮ್ಮ. “ಗಾಡಿ ಒಡ್ಯಾಕತ್ತೇವಂತ ಊರಿಗೆಲ್ಲಾ ಹೇಳ್ರಿ. ಒಡ್ಯೋ ಮನ್ಯಾಗ ಸುತ್ತಗಿ ಸಪ್ಪಳ ಆದ್ರ ಯಾರ್ ಏನಂತಾರ? ಆ ಸಪ್ಪಳದಾಗ ಅವ ತನ್ನ ಕೆಲಸ ಮಾಡ್ಕೋತಾನ.”

ಹೀಗೆ ಒಡೆಯುವ ನೆಪದಲ್ಲಿ ರಿಪೇರಿ ಶುರುವಾಯಿತು. ಕೊಟ್ಟಿಗೆಯ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು, ಗುರಣ್ಣ ಹೊರಗೆ ಕೂತು ಒಂದು ಮುರುಕು ಮಡ್‌ಗಾರ್ಡಿಗೆ ಢಣಢಣ ಬಡಿಯುವುದು. ಒಳಗೆ ಕರೀಮ ಮುರಿದ ಕಾಲು ಚಾಚಿ, ಗಾಡಿಯ ಕೆಳಗೆ ಅಂಗಾತ ಮಲಗಿ ಬಿಚ್ಚುವುದು. ಯಾರಾದರೂ ಓಣಿಗೆ ತಿರುಗಿದರೆ ಮೌನಮ್ಮ ಕೋಳಿಗೆ ಬೈಯುತ್ತಿದ್ದಳು. ಬೈಗುಳ ಕೇಳಿದ ತಕ್ಷಣ ಕರೀಮ ಮೊಣಕೈ ಊರಿ ತೆವಳಿ ಹಗೇವಿಗೆ ಇಳಿಯುತ್ತಿದ್ದ.

ಒಡೆಯುತ್ತಿದ್ದಾರೆಂಬ ಸುದ್ದಿ ಹಬ್ಬಿದ್ದೇ ತಡ, ಸತ್ತ ಎತ್ತಿಗೆ ಹದ್ದು ನೆರೆದ ಹಾಗೆ ಜನ ನೆರೆಯಿತು. ಬಂದವರಿಗೆ ಇಲ್ಲವೆಂದರೆ ಅನುಮಾನ. ಕುರಿ ಕಾಯುವ ಅಮೋಘಸಿದ್ದ ತನ್ನ ಮುದುಕಿ ತಾಯಿಗೆ ಮಲಗಲು ಸೀಟು ಕೇಳಿದ. ಗುರಣ್ಣ ಹಿತ್ತಲಿಗೆ ಹೋಗಿ ಹಗೇವಿನ ಸಂದಿಗೆ ಬಗ್ಗಿ ಪಿಸುಗುಟ್ಟಿದ, “ಸೀಟ ಕೊಡ್ಲೇನೋ?”

“ಕೊಡಣ್ಣಾ, ಸೀಟಿನಿಂದ ಗಾಡಿ ಓಡಂಗಿಲ್ಲ.”

ದೀಪ ಹೋದವು, ಹಗಲಲ್ಲಿ ಹೋಗುವವರಿಗೆ ದೀಪ ಯಾಕೆ ಎಂದ ಕರೀಮ. ಮೇಲಿನ ಹೊದಿಕೆ ಯಾರದೋ ಬಣವೆಗೆ ಹೋಯಿತು. ಬಾಗಿಲುಗಳು ಕುರಿಮರಿಯ ತಡಿಕೆಗೆ ಹೋದವು. ಒಂದು ಮಧ್ಯಾಹ್ನ ರಂಗಣ್ಣನ ಕಡೆಯವನೊಬ್ಬ ಬಂದು ದುರುಗುಟ್ಟಿ ನೋಡಿದ್ದಕ್ಕೇ ಗುರಣ್ಣ ಬೆವರಿ, ಅವನು ಬಾಯಿ ತೆರೆಯುವ ಮೊದಲೇ ಹೆಚ್ಚಿಗೆ ಇಟ್ಟುಕೊಂಡಿದ್ದ ಐದನೇ ಗಾಲಿಯನ್ನು ಉರುಳಿಸಿಕೊಟ್ಟುಬಿಟ್ಟ. ಕರೀಮ ಹಣೆ ಚಚ್ಚಿಕೊಂಡ. “ಅಣ್ಣಾ, ಇನ್ನ ಕೇಳಲಾರದವರಿಗೆ ಕೊಡಬ್ಯಾಡ, ಕೈ ಮುಗೀತೀನಿ.”

ಕರಗಿಹೋದ ಸೀಸಕ್ಕೆ ಬದಲು ಏನು ಹಾಕುವುದೆಂಬುದೇ ದೊಡ್ಡ ತೊಡಕು. ಮೌನಮ್ಮ ತವರಿನಿಂದ ತಂದಿದ್ದ ಹಳೆ ಹರಗೋಲಿನ ಚರ್ಮದ ತುಂಡೊಂದು ಅಟ್ಟದ ಮೇಲಿತ್ತು. ಹೊಳೆಯ ನೀರು ಕುಡಿದು ಮಾಗಿದ ಎಮ್ಮೆಯ ಚರ್ಮ. ಕರೀಮ ಅದನ್ನು ಎಣ್ಣೆಯಲ್ಲಿ ನೆನೆಸಿ, ಬೆರಳಗಲ ಪಟ್ಟಿ ಕೊಯ್ದು, ಸೀಸ ಇದ್ದಲ್ಲಿ ಸುತ್ತಿ ಬಿಗಿದ.

“ಚರ್ಮದ ಮ್ಯಾಲೆ ಇಂಜಿನ್ ತಿರಗ್ತದೇನೋ?” ಗುರಣ್ಣ ಕೇಳಿದ.

“ಹೊಳಿತನಕ ತಿರಗ್ತದ. ಮುಂದ ಸುಟ್ಟು ಬೂದಿ ಆಗ್ತದ. ಆಮ್ಯಾಲೆ ಈ ಗಾಡಿನ ಯಾರೂ ರಿಪೇರಿ ಮಾಡೂದು ಆಗಂಗಿಲ್ಲ ಅಣ್ಣಾ, ಒಡ್ಯೂದೇ.”

ಒಂದು ಸಂಜೆ ಗುರಣ್ಣ ಯಾರಿಗೂ ಹೇಳದೆ ಎದ್ದು ರಂಗಣ್ಣನ ಮನೆಯ ದಾರಿ ಹಿಡಿದ. ಹೇಳಿಬಿಟ್ಟರೆ ಮುಗಿಯಿತು, ನನ್ನ ಹಗೇವಿನಲ್ಲಿ ಇದ್ದಾನಪ್ಪಾ, ನನಗೂ ಅವನಿಗೂ ಸಂಬಂಧವಿಲ್ಲ ಎಂದುಬಿಟ್ಟರೆ ಇವತ್ತು ರಾತ್ರಿ ನಿದ್ದೆ ಬರುತ್ತದೆ. ಬೇವಿನ ಮರದ ತನಕ ಹೋದ. ಅಲ್ಲಿ ಕಾಲು ನಿಂತವು. ಹೇಳಲಿಕ್ಕೂ ಅಂಜಿಕೆ, ಹೇಳದೆ ಇರಲಿಕ್ಕೂ ಅಂಜಿಕೆ. ಮರದ ಬುಡದಲ್ಲಿ ಉಚ್ಚೆ ಹೊಯ್ದು ತಿರುಗಿ ಬಂದ. ಮೌನಮ್ಮ ಅವನ ಮುಖ ನೋಡಿದಳು, ರೊಟ್ಟಿ ಬಡಿಯುತ್ತಲೇ ಇದ್ದಳು.

ಹಬ್ಬದ ಹೊಸ್ತಿಲಲ್ಲಿ ಸಾಕ್ಷಾತ್ ರಂಗಣ್ಣನೇ ಬಂದ. ವಯಸ್ಸಿನಲ್ಲಿ ಗುರಣ್ಣನ ಮಗನಂಥವನು, ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತಿದ್ದ ಹುಡುಗ. ಭಾವನ ಮಣ್ಣಿಗೆ ಹೋಗಿ ಬಂದ ಮೇಲೆ ನಕ್ಕದ್ದನ್ನು ಯಾರೂ ಕಂಡಿಲ್ಲ. “ಮುಂದಿನ ಎರಡೂ ಗಾಲಿ ನನಗ ಬೇಕು ಕಾಕಾ. ಅಕ್ಕನ ಬಂಡಿ ಸುಟ್ಟಾರ, ಹೊಸಾದು ಮಾಡಿಸಾಕತ್ತೀನಿ.”

ಇಲ್ಲವೆನ್ನುವ ಎದೆ ಯಾರಿಗಿದೆ? “ನಾಳಿ ಒಯ್ಯೋ ಮಗನ, ನಾಳಿ” ಎಂದ ಗುರಣ್ಣ. ನಾಳೆ ಎಂದರೆ ಖಂಡೇಪೂಜೆ ಎಂಬುದು ಭಯದಲ್ಲಿ ಅವನಿಗೆ ಮರೆತೇಹೋಗಿತ್ತು.

ಖಂಡೇಪೂಜೆಯ ದಿನ ಕಬ್ಬಿಣಕ್ಕೆ ಬಿಡುವು. ಕೊಡಲಿ, ಕುಡುಗೋಲು, ಕುಂಟೆಯ ಕುಡ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಹೂವೇರಿಸಿ ಜಗುಲಿಯ ಮೇಲಿಟ್ಟರೆ ಮರುದಿನ ಬನ್ನಿ ಮರಕ್ಕೆ ಪೂಜೆ ಮಾಡಿ ಎಲೆ ಮುಡಿಯುವ ತನಕ ಯಾರೂ ಕೆಲಸಕ್ಕೆ ಮುಟ್ಟುವಂತಿಲ್ಲ. ಪೂಜೆಯೂ ಮುಂದೆ ದುಡಿಯುವ ವಸ್ತುವಿಗಷ್ಟೇ. ಮುರಿದ ಕುಡುಗೋಲಿಗೆ ಯಾರೂ ಹೂವೇರಿಸುವುದಿಲ್ಲ.

ಬೆಳಿಗ್ಗೆ ರಂಗಣ್ಣ ಇಬ್ಬರನ್ನು ಕರೆದುಕೊಂಡು ಬಂದ. ಗಾಲಿ ಬಿಚ್ಚುವುದು ಹಬ್ಬ ಕಳೆದ ಮೇಲಾದರೂ ಸರಿ, ಅಳತೆ ನೋಡಿಕೊಂಡು ಹೋಗೋಣವೆಂದು ತಟ್ಟು ಸರಿಸಿದ. ಸರಿಸಿದವನು ಹಾಗೇ ನಿಂತ. ಅವನ ಹೆಗಲ ಮೇಲಿಂದ ಇಣುಕಿದ ಗುರಣ್ಣನ ಜೀವ ಬಾಯಿಗೆ ಬಂತು.

ಬಾಗಿಲಿಲ್ಲದ, ಸೀಟಿಲ್ಲದ, ಎಲುಬಿನ ಗೂಡಿನಂಥ ಗಾಡಿ ತೊಳೆದು ಥಳಥಳಿಸುತ್ತಿತ್ತು. ಮೂತಿಯ ಮೇಲೆ ವಿಭೂತಿಯ ಪಟ್ಟೆ, ಅಡ್ಡಲಾಗಿ ಚೆಂಡುಹೂವಿನ ಸರ, ನಾಲ್ಕೂ ಗಾಲಿಯ ಬುಡಕ್ಕೆ ಲಿಂಬೆಹಣ್ಣು, ಇಂಜಿನ್ ಚಾಲೂ ಮಾಡಲು ಮುಂದೆ ನಿಂತು ತಿರುವುವ ಹ್ಯಾಂಡಲಿಗೆ ಕರಿದಾರ.

“ಒಡ್ಯೋ ಗಾಡಿಗೆ ಪೂಜಿ ಮಾಡ್ತಾರೇನು ಕಾಕಾ?” ರಂಗಣ್ಣ ಮೆಲ್ಲಗೆ ಕೇಳಿದ.

“ನಾ… ನಾನ ಮಾಡೀನಿ. ಇಷ್ಟು ದಿನ ಅನ್ನಾ ಹಾಕ್ಯಾದಲ್ಲಪ್ಪಾ, ಅದಕ್ಕ…”

“ನೀನು? ಇಷ್ಟು ವರ್ಷದಾಗ ಒಮ್ಮ್ಯಾದ್ರೂ ಇದರ ಮೂತಿ ಮುಟ್ಟೀಯೇನು? ಸುಡ್ತದಂತ ಅಂಜತಿದ್ದಿ. ಹ್ಯಾಂಡಲಿಗೆ ಕರಿದಾರ ಕಟ್ಟೋ ಕೈ ಈ ಊರಾಗ ಒಂದೇ. ಸಣ್ಣಾವ ಇದ್ದಾಗ ಬಾಜೂಕ ನಿಂತು ನೋಡೀನಿ, ಕೊಬ್ರಿ ತಿಂದೀನಿ.”

ಅವನು ಹಿತ್ತಲಿಗೆ ನಡೆದ. ನೇರ ಹೋಗಿ ಹಗೇವಿನ ಚಪ್ಪಡಿಯ ಮೇಲೆ ಕೂತ. ಗುರಣ್ಣನಿಗೆ ಕಣ್ಣಿಗೆ ಕತ್ತಲೆ ಬಂತು. ಆ ಚಪ್ಪಡಿಯ ಕೆಳಗೆ ಒಬ್ಬ ಉಸಿರು ಬಿಗಿಹಿಡಿದು ಕೂತಿದ್ದಾನೆ. ಕೆಮ್ಮಿದರೆ ಮುಗಿಯಿತು, ಸೀನಿದರೆ ಮುಗಿಯಿತು. ರಂಗಣ್ಣ ಗಾಳಿಯಾಡುವ ಸಂದಿನ ಮೇಲೆ ಅಂಗೈ ಇಟ್ಟ.

“ಇವತ್ತು ನನ್ನ ಕೊಡ್ಲಿ ಜಗಲಿ ಮ್ಯಾಲೆ ಅದ” ಎಂದ. “ಪೂಜಿ ಆದ ಗಾಡಿನೂ ಮುಟ್ಟಂಗಿಲ್ಲ. ನಾಳಿ ಬನ್ನಿ ಮುಡಿದು ಬರ್ತೀನಿ. ಗಾಲಿ ಬಿಚ್ಚತೀನಿ. ಹಂಗೇ ನಿನ್ನ ಹಗೇದಾಗ ಎಷ್ಟು ಜ್ವಾಳ ಅದ ನೋಡತೀನಿ.”

ಹೋಗುವಾಗ ಒಬ್ಬನನ್ನು ಓಣಿಯ ಬಾಯಿಗೆ ಕಾವಲಿಟ್ಟು ಹೋದ.

ಚಪ್ಪಡಿ ಸರಿಸಿದಾಗ ಕರೀಮ ಅಳುತ್ತಿದ್ದ. “ಯಾಕ ಮಾಡಿದ್ಯೋ ಹುಚ್ಚ್ಯಾ, ಯಾಕ ಮಾಡಿದಿ?” ಎಂದು ಗುರಣ್ಣ ಅವನ ಅಂಗಿ ಹಿಡಿದು ಅಲ್ಲಾಡಿಸಿದ.

“ಕೈ ಕೇಳಲಿಲ್ಲಣ್ಣಾ. ಉಸ್ತಾದ ಕಲಿಸಿಕೊಟ್ಟಾಗಿಂದ ಒಂದು ವರ್ಷ ತಪ್ಪಿಸಿಲ್ಲ. ಪೂಜಿ ಇಲ್ಲದ ಇಂಜಿನ್ನಿಗೆ ಹ್ಯಾಂಡಲ್ ಹಾಕಾಕ ಮನಸ್ಸು ಒಪ್ಪಲಿಲ್ಲ. ನೀ ನನ್ನ ಕೊಟ್ಟುಬಿಡು. ನನ್ನ ಸಲುವಾಗಿ ನೀವಿಬ್ಬರೂ ಯಾಕ ಸಾಯ್ತೀರಿ?”

“ಅವ ಹೂವಾ ಏರಿಸಿದ್ದಕ್ಕೇ ಇವತ್ತೊಂದು ದಿನ ಸಿಕ್ಕದ” ಎಂದಳು ಮೌನಮ್ಮ. “ಇಲ್ಲಂದ್ರ ಆ ಹುಡುಗ ಈಗೇ ಚಪ್ಪಡಿ ಎತ್ತತಿದ್ದ.”

ಕೊಟ್ಟುಬಿಡು ಅಂದನಲ್ಲ, ಅವನೇ ಅಂದನಲ್ಲ ಎಂದು ಗುರಣ್ಣನ ಮನಸ್ಸು ಒಂದು ಗಳಿಗೆ ಕುಣಿಯಿತು. ಹೌದು ಅನ್ನಲು ಬಾಯಿ ತೆರೆದ. ಹೊರಬಿದ್ದದ್ದು ಬೇರೆಯೇ ಮಾತು: “ಎಡಗಾಲು ಇಲ್ದೆ ಗಾಡಿ ಹ್ಯಾಂಗ ನಡಸ್ತಿ? ಕ್ಲಚ್ ಯಾರು ಒತ್ತಬೇಕು?”

ಕರೀಮ ಕಣ್ಣೊರೆಸಿಕೊಂಡು ಅವನನ್ನೇ ನೋಡಿದ. ಗುರಣ್ಣನಿಗೆ ಅರ್ಥವಾಯಿತು, ಒತ್ತಬೇಕಾದವನು ತಾನೇ. ದೀಪವಿಲ್ಲದ ಗಾಡಿ ರಾತ್ರಿ ಓಡದು, ನಾಳೆ ಊರೆಲ್ಲ ಕೊಡಲಿ ಪೂಜೆಗಿಟ್ಟು ಬನ್ನಿ ಮರದ ಹತ್ತಿರ ಇರುವಾಗಲೇ ಹೊರಡಬೇಕು.

ಮರುದಿನ ಹೊತ್ತು ಇಳಿಯುವಾಗ, ಹೂವೇರಿಸಿದ ಕೊಡಲಿಗಳನ್ನು ಜಗುಲಿಯಿಂದ ಹೊತ್ತು, ಹಲಗೆ ಬಡಿಯುತ್ತ ಊರೆಲ್ಲ ಬನ್ನಿ ಮರದ ಕಡೆ ಹೊರಟಿತು. ತಪ್ಪಿಸಿಕೊಂಡರೆ ಹೆಂಗಸರು ಹುಡುಕುತ್ತಾರೆಂದು ಮೌನಮ್ಮನೂ ಆರತಿ ತಟ್ಟೆ ಹಿಡಿದು ಹೋದಳು. ಬಾಗಿಲು ದಾಟುವಾಗ ಗಂಡನಿಗೆ “ಅಂಜಬ್ಯಾಡ್ರಿ” ಅನ್ನಲಿಲ್ಲ. “ಅಂಜಿಕೋತ ಆದ್ರೂ ಹೋಗ್ರಿ” ಅಂದಳು.

ಗುರಣ್ಣ ಹ್ಯಾಂಡಲ್ ತಿರುವಿದ. ಅವನ ಜನ್ಮದಲ್ಲಿ ಅದೇ ಮೊದಲು. ಮೂರು ಸಲ ಕೈ ಒದೆಸಿಕೊಂಡ ಮೇಲೆ ಇಂಜಿನ್ ಗುರುಗುಟ್ಟಿತು. ಕರೀಮ ಜೋಳದ ಹೆಡಿಗೆ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಗುರಣ್ಣ ಅವನ ಕಾಲಬುಡದಲ್ಲಿ ಮುದುಡಿ, ಎರಡೂ ಕೈಯಿಂದ ಪೆಡಲ್ ಹಿಡಿದ.

“ಒತ್ತು!”

ಒತ್ತಿದ.

“ಬಿಡು. ಸಾವಕಾಶ ಬಿಡಣ್ಣಾ, ಸಾವಕಾಶ!”

ಗಾಡಿ ಜಿಗಿಯಿತು. ತಟ್ಟು ಹರಿದುಕೊಂಡು ಹೊರಗೆ ಬಿತ್ತು. ಓಣಿಯ ಬಾಯಲ್ಲಿ ಕಾವಲಿನವನು ಕಿರುಚಿ ಪಕ್ಕಕ್ಕೆ ಹಾರಿದ್ದು ಕೇಳಿತು. ಗುರಣ್ಣನಿಗೆ ಕಾಣುತ್ತಿದ್ದದ್ದು ಕರೀಮನ ಕಾಲು ಮತ್ತು ಗಾಡಿಯ ತಳದ ಸಂದಿನಲ್ಲಿ ಹಿಂದಕ್ಕೆ ಓಡುವ ನೆಲ, ಅಷ್ಟೇ. ಮೊಣಕೈ ಸುಡುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಯಲ್ಲಮ್ಮಾ, ನನ್ನವ್ವಾ, ಬದುಕಿಸು ಎಂದು ಬಾಯಲ್ಲಿ ಮಣಮಣ ಅನ್ನುತ್ತಿದ್ದ. ಹೊಳೆಯ ದಾರಿ ಬನ್ನಿ ಮರದ ಬಾಜುವಿಗೇ ಹೋಗುತ್ತದೆ, ಬೇರೆ ದಾರಿಯಿಲ್ಲ. ಹಲಗೆಯ ಸದ್ದು ಹತ್ತಿರವಾಯಿತು, ದೊಡ್ಡದಾಯಿತು, ಒಮ್ಮೆಲೇ ನಿಂತಿತು.

“ಕರೀಮ! ಕರೀಮನ ಗಾಡಿ!”

ಕಲ್ಲೊಂದು ತಗಡಿಗೆ ಬಡಿಯಿತು. ಇನ್ನೊಂದು ಗುರಣ್ಣನ ಬೆನ್ನಿಗೇ ಬಿತ್ತು. ರಂಗಣ್ಣ ಕೂಗುವುದು, ಪೂಜಾರಿ ಅವನಿಗೆ ಅಡ್ಡ ಬಂದು “ಮುಟ್ಟಬ್ಯಾಡೋ, ಇನ್ನ ಮಂಗಳಾರತಿ ಆಗಿಲ್ಲ” ಎಂದು ಅರಚುವುದು ಕೇಳಿತು. ಕೊಡಲಿಗಳೆಲ್ಲ ಮರದ ಬುಡದಲ್ಲಿ ಹೂವು ಹೊತ್ತು ಮಲಗಿದ್ದವು. “ಒತ್ತು!” ಎಂದ ಕರೀಮ. ಗುರಣ್ಣ ಎದೆಯನ್ನೇ ಪೆಡಲಿನ ಮೇಲೆ ಹಾಕಿ ಒತ್ತಿದ. ಗೇರು ಬಿತ್ತು. ಕೂಗು ಹಿಂದೆ ಉಳಿಯಿತು.

ಹೊಳೆ ಕಾಣುವ ಏರಿನಲ್ಲಿ ಚರ್ಮ ಸುಟ್ಟ ನಾತ ಬಂತು. ಇಳಿಜಾರಿನಲ್ಲಿ ಇಂಜಿನ್ ಕಟಕಟ ಕುಟ್ಟಿತು, ದಂಡೆಯ ಮರಳಿನಲ್ಲಿ ಒಮ್ಮೆ ನಡುಗಿ ಸತ್ತಿತು. ಮೌನಮ್ಮ ಹೇಳಿಕಳಿಸಿದ್ದಂತೆ ಅಂಬಣ್ಣ ಹರಗೋಲು ಹಿಡಿದು ಕಾಯುತ್ತಿದ್ದ. ಕರೀಮನನ್ನು ಎತ್ತಿ ಕೂರಿಸಿದರು.

“ನೀವೂ ಏರ್ರಿ ಮಾವಾ” ಎಂದ ಅಂಬಣ್ಣ. “ಈಗ ಊರಿಗೆ ಹೋದ್ರ ನಿಮ್ಮನ್ನ ಉಳಸ್ತಾರೇನು?”

ಕರೀಮ ಗುರಣ್ಣನ ಕೈ ಹಿಡಿದುಕೊಂಡಿದ್ದ, ಬಿಡಲೊಲ್ಲ. ಏರಬೇಕೆಂದು ಗುರಣ್ಣನ ಮೈಯ ಪ್ರತಿ ಎಲುಬೂ ಹೇಳುತ್ತಿತ್ತು. “ಮೌನಮ್ಮ ಅಲ್ಲಿ ಅದಾಳಪ್ಪಾ” ಎಂದು ಕೈ ಬಿಡಿಸಿಕೊಂಡ. ತಿರುಗಿ ನೋಡದೆ ಊರ ದಾರಿ ಹಿಡಿದ. ದಾರಿಯುದ್ದಕ್ಕೂ ಗಟ್ಟಿಯಾಗಿ ಅಳುತ್ತ ನಡೆದ, ಕೇಳುವವರು ಯಾರೂ ಇರಲಿಲ್ಲ.

ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಮನೆ ಮುಟ್ಟಿದ. ಹಗೇವಿನ ಚಪ್ಪಡಿ ಎತ್ತಿ ಒಗೆದಿತ್ತು. ಕಟ್ಟೆಯ ಮೇಲೆ ರಂಗಣ್ಣ ಒಬ್ಬನೇ ಕೂತಿದ್ದ, ತೊಡೆಯ ಮೇಲೆ ಕೊಡಲಿ, ರುಮಾಲಿನಲ್ಲಿ ಬನ್ನಿಯ ಎಲೆ. ಮೌನಮ್ಮ ಬಾಗಿಲಿಗೆ ಆತು ನಿಂತಿದ್ದಳು.

“ಗಾಡಿ?” ರಂಗಣ್ಣ ಕೇಳಿದ.

“ಹೊಳಿ ದಂಡ್ಯಾಗ ಅದ. ಗಾಲಿ ನಿಂದೇ, ಬಿಚ್ಕೋ ಹೋಗು.”

“ಅವ?”

“ದಾಟಿದ.” ಗುರಣ್ಣ ಗೋಡೆ ಹಿಡಿದುಕೊಂಡ. “ಎರಡನೇ ಸಲ ಒಯ್ದಾಗ ಎಣ್ಣಿ ಅವನೇ ಚೆಲ್ಲಿದ್ದ ರಂಗಾ. ಇನ್ನೊಂದು ಊರು ಸುಡಬಾರದಂತ. ಅದಕ್ಕೇ ಅವನ ಕಾಲು ಮುರದ್ರು. ಹೇಳಾಕ ಅಂಜಿದೆ. ಈಗೂ ಅಂಜಾಕತ್ತೀನಿ.”

ರಂಗಣ್ಣ ತೊಡೆಯ ಮೇಲಿನ ಕೊಡಲಿಯನ್ನು ಕಟ್ಟೆಯ ಮೇಲಿಟ್ಟ. ಆಮೇಲೆ ಅಂದ: “ಮೊದಲನೇ ಸಲನೇ ಚೆಲ್ಲಬೇಕಿತ್ತಲ್ಲ ಕಾಕಾ.”

“ಹೌದು” ಎಂದ ಗುರಣ್ಣ. ಬನ್ನಿಗಾಗಿ ಕೈ ಚಾಚಿದ. ಬನ್ನಿ ಕೊಟ್ಟವನು ಅದೇ ಕೈಯಿಂದ ಹೊಡೆಯುವುದಿಲ್ಲ, ಅದು ರೂಢಿ. ಹಿರಿಯನು ಕೈ ಚಾಚಿದರೆ ಕಿರಿಯನು ಇಲ್ಲವೆನ್ನುವುದೂ ಇಲ್ಲ. ಎಣ್ಣೆ, ಮಸಿ ಮೆತ್ತಿದ ಅಂಗೈಯನ್ನು ಹಾಗೇ ತೆರೆದು ಹಿಡಿದ.

ರಂಗಣ್ಣ ಎದ್ದ. ರುಮಾಲಿನಿಂದ ಎಲೆ ತೆಗೆದ. ಗುರಣ್ಣನನ್ನು ದಾಟಿ ಹೋಗಿ ಮೌನಮ್ಮನ ಕೈಯಲ್ಲಿಟ್ಟು, ಬಗ್ಗಿ ಅವಳ ಕಾಲು ಮುಟ್ಟಿದ. ತಿರುಗಿ ಬರುವಾಗ ಗುರಣ್ಣನ ಚಾಚಿದ ಕೈಯನ್ನು ನೋಡಿದ, ಕೊಡಲಿ ಹೆಗಲಿಗೇರಿಸಿದ.

“ನಿನಗ ಮುಂದಿನ ವರ್ಷ ನೋಡ್ತೀನಿ ಕಾಕಾ.”

ಅವನ ಹೆಜ್ಜೆ ಓಣಿಯಲ್ಲಿ ಕರಗಿದ ಮೇಲೂ ಗುರಣ್ಣ ಕೈ ಚಾಚಿಯೇ ನಿಂತಿದ್ದ. “ಮುಂದಿನ ವರ್ಷ ಅಂದನಲ್ಲ” ಎಂದ ಕಡೆಗೆ. “ಅಂದ್ರ ಅಲ್ಲೀತನಕ ಬಿಟ್ಟಾನಂತಲೋ? ಏನ, ಮುಂದಿನ ವರ್ಷ ಬರ್ತೀನಂತಲೋ?”

“ನನಗೇನ್ ಗೊತ್ತರಿ” ಎಂದಳು ಮೌನಮ್ಮ, ಚರಿಗೆಯಲ್ಲಿ ನೀರು ತಂದು. “ಕೈ ತೊಳ್ಕೋರಿ ಮೊದಲ. ಮಂದಿ ಬನ್ನಿ ಕೊಡಾಕ ಬರಾಕತ್ತಾರ.”